ಕೈಗೆ ಪಟ್ಟಿ ಕಟ್ಟಿದರೆ ಕಾಲು ನಡೆದೀತೆ?

ಹುಡುಗ ಎಸ್.ಎಸ್.ಎಲ್.ಸಿ. ಪಾಸಾದ ಅಂದರೆ ಅಪ್ಪನಾದವನು ಕೈಸಾಲ ಮಾಡಿಯಾದರೂ ಒಂದು ಎಚ್.ಎಂ.ಟಿ. ಗಡಿಯಾರ ಕೊಡಿಸುತ್ತಿದ್ದ ಕಾಲವೊಂದಿತ್ತು. ಆ ಗಡಿಯಾರಕ್ಕೂ ತುಮಕೂರಿಗೂ ಇದ್ದ ನಂಟನ್ನು ಹಳಬರಿಗೆ ಹೊಸದಾಗಿ ಹೇಳಬೇಕಿಲ್ಲ. ಊರಿಗೆ ಊರೇ ಹೆಮ್ಮೆಪಡುತ್ತಿದ್ದ ಕಾರ್ಖಾನೆ ಅದು. 2016ರ ಜನವರಿಯಲ್ಲಿ ಎಚ್.ಎಂ.ಟಿ.ಯ ಗಡಿಯಾರ ಕಂಪನಿ ಮುಚ್ಚುವುದಕ್ಕೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಇಲ್ಲಿನ ಕಾರ್ಖಾನೆಯ ಜಾಗ ಮುಂದೆ ಇಸ್ರೊ ಪಾಲಾಯಿತು. ಅಲ್ಲಿಗೆ ಆ ಕಥೆ ಮುಗಿಯಿತು.

ಆದರೆ ಉಡುಗೊರೆ ಕೊಡುವ ಪದ್ಧತಿ ನಿಂತಿಲ್ಲ. ಈಗ ಪಿ.ಯು.ಸಿ. ಸೇರಿದ ಮಗನಿಗೆ, ಡಿಗ್ರಿ ಸೇರಿದ ಮಗಳಿಗೆ ಕೊಡಿಸುವುದು ‘ಸ್ಮಾರ್ಟ್ ವಾಚು’. ಗಂಟೆ ತೋರಿಸುವುದು ಅದಕ್ಕೆ ಚಿಲ್ಲರೆ ಕೆಲಸ. ದಿನಕ್ಕೆ ಎಷ್ಟು ಹೆಜ್ಜೆ ನಡೆದೆ, ಎದೆ ಎಷ್ಟು ಬಡಿಯಿತು, ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡಿದೆ ಎಂಬ ಲೆಕ್ಕವೆಲ್ಲ ಅದರ ಹೊಟ್ಟೆಯಲ್ಲಿ. ಕೂತೇ ಇದ್ದರೆ ‘ಏಳು, ನಾಲ್ಕು ಹೆಜ್ಜೆ ಹಾಕು’ ಅಂತ ಮಣಿಕಟ್ಟಿನ ಮೇಲೆ ಗುಂಯ್‌ಗುಡುತ್ತದೆ. ಅಮ್ಮ ಹೇಳಿದರೆ ಏಳದ ಮಗ ವಾಚು ಹೇಳಿದರೆ ಎದ್ದಾನು ಎಂಬುದು ಅಪ್ಪಂದಿರ ಆಸೆ.

ಮನೆಯವರು ಕೊಡಿಸಿದರೆ ಅದು ಮನೆಯ ವಿಷಯ ಬಿಡಿ. ಆದರೆ ಕಾಲೇಜೇ ಇಂಥ ಪಟ್ಟಿ ಕಟ್ಟಿಸಿ, ಹೆಜ್ಜೆ ಎಣಿಸಿ, ಬೇಕಾದರೆ ಅದಕ್ಕೆ ಅಂಕವನ್ನೂ ಕೊಟ್ಟು ಹುಡುಗರಿಂದ ವ್ಯಾಯಾಮ ಮಾಡಿಸಬೇಕು ಎಂಬ ಆಲೋಚನೆಯೂ ಇದೆ. ಹೊರದೇಶದಲ್ಲಿ ಅದು ಹತ್ತು ವರ್ಷದ ಹಿಂದೆಯೇ ಆಗಿಹೋಗಿದೆ. ಹೊರಗಿನ ಷೋಕಿ ಇಲ್ಲಿಗೆ ಬರುವುದಕ್ಕೆ ಈಗ ರೈಲೂ ಬೇಕಿಲ್ಲ, ಬಸ್ಸೂ ಬೇಕಿಲ್ಲ. ಬಂದ ಮೇಲೆ ತಲೆ ಮೇಲೆ ಕೈ ಹೊತ್ತು ಕೂರುವ ಬದಲು ಈಗಲೇ ನಾಲ್ಕು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು.

ಒಕ್ಲಹೋಮದ ಪ್ರಯೋಗ

ಅಮೆರಿಕದ ಒಕ್ಲಹೋಮ ರಾಜ್ಯದ ಟಲ್ಸಾ ಎಂಬ ಊರಿನಲ್ಲಿ ಓರಲ್ ರಾಬರ್ಟ್ಸ್ ವಿಶ್ವವಿದ್ಯಾಲಯವಿದೆ. ಅದೇ ಹೆಸರಿನ ಕ್ರೈಸ್ತ ಧರ್ಮಪ್ರಚಾರಕರು 1963ರಲ್ಲಿ ಕಟ್ಟಿದ ಖಾಸಗಿ ಸಂಸ್ಥೆ. ಬುದ್ಧಿ, ದೇಹ, ಆತ್ಮ ಮೂರೂ ಒಟ್ಟಿಗೆ ಬೆಳೆಯಬೇಕು ಎಂಬುದು ಅಲ್ಲಿನ ತತ್ವ. ಹಾಗಾಗಿ ವ್ಯಾಯಾಮವೂ ಅಲ್ಲಿ ಪಾಠದ ಒಂದು ಭಾಗ. ಎಷ್ಟು ನಡೆದೆ, ಎಷ್ಟು ಓಡಿದೆ ಎಂಬುದನ್ನು ವಿದ್ಯಾರ್ಥಿಗಳು ಮೊದಲು ಪುಸ್ತಕದಲ್ಲಿ ತಾವೇ ಬರೆದು ಒಪ್ಪಿಸುತ್ತಿದ್ದರು.

2015–16ನೇ ಸಾಲಿನಲ್ಲಿ ಆ ಪುಸ್ತಕ ಹೋಗಿ ‘ಫಿಟ್‌ಬಿಟ್’ ಎಂಬ ಪಟ್ಟಿ ಬಂತು. ಹೊಸದಾಗಿ ಸೇರುವವರು ಅದನ್ನು ಕಟ್ಟಿಕೊಳ್ಳಬೇಕು. ದಿನಕ್ಕೆ 10,000 ಹೆಜ್ಜೆ ಗುರಿ. ಪಟ್ಟಿಯ ಲೆಕ್ಕ ಮೇಷ್ಟರ ಅಂಕದ ಪುಸ್ತಕಕ್ಕೆ ಹೋಗಿ ಸೇರುವ ವ್ಯವಸ್ಥೆ. 2016ರ ಆರಂಭದಲ್ಲಿ ಈ ಸುದ್ದಿ ಹರಡಿದಾಗ ದೊಡ್ಡ ಚರ್ಚೆಯೇ ಆಯಿತು. ಹುಡುಗರ ಮೈಯ ಲೆಕ್ಕ ಕಾಲೇಜಿಗೆ ಯಾಕೆ ಎಂದು ಕೇಳಿದವರು ಒಂದು ಕಡೆ. ಆರೋಗ್ಯಕ್ಕಾಗಿ ಇಷ್ಟು ಮಾಡಿದರೆ ತಪ್ಪೇನು ಎಂದವರು ಇನ್ನೊಂದು ಕಡೆ.

ತಪ್ಪು ಒಪ್ಪು ಆಮೇಲೆ. ಮೊದಲು ಒಂದು ಮಾತು ಗಮನಿಸಬೇಕು. ಆ ಸಂಸ್ಥೆಯಲ್ಲಿ ವ್ಯಾಯಾಮ ಪಾಠದ ಭಾಗವಾಗಿ ಮೊದಲೇ ಇತ್ತು. ಪಟ್ಟಿ ಆಮೇಲೆ ಬಂತು. ಇಲ್ಲಿನ ಕಥೆ ಹಾಗಿಲ್ಲ.

ಹತ್ತು ಸಾವಿರದ ಗುಟ್ಟು

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬುದು ಈಗ ವೇದವಾಕ್ಯವಾಗಿದೆ. ಅಮಾನಿಕೆರೆ ಕಡೆ ಬೆಳಿಗ್ಗೆ ನಡೆಯುವ ಸಕ್ಕರೆ ಕಾಯಿಲೆಯವರನ್ನು ಕೇಳಿದರೂ ಅದೇ ಲೆಕ್ಕ ಹೇಳುತ್ತಾರೆ. ಈ ಸಂಖ್ಯೆ ಯಾವ ಡಾಕ್ಟರ ಚೀಟಿಯಿಂದ ಬಂತು? ಯಾವ ಡಾಕ್ಟರದೂ ಅಲ್ಲ. 1964ರಲ್ಲಿ ಟೋಕಿಯೊದಲ್ಲಿ ಒಲಿಂಪಿಕ್ಸ್ ನಡೆಯಿತು. ಜಪಾನಿನಲ್ಲಿ ವ್ಯಾಯಾಮದ ಗಾಳಿ ಬೀಸಿದ ಹೊತ್ತಿಗೆ, 1965ರಲ್ಲಿ, ಯಮಾಸಾ ಎಂಬ ಗಡಿಯಾರ ಕಂಪನಿ ಸೊಂಟಕ್ಕೆ ಸಿಕ್ಕಿಸುವ ಹೆಜ್ಜೆ ಎಣಿಸುವ ಯಂತ್ರವನ್ನು ಮಾರುಕಟ್ಟೆಗೆ ಬಿಟ್ಟಿತು. ಹೆಸರು ‘ಮಾನ್‌ಪೋ ಕೆ’. ಅಂದರೆ ‘ಹತ್ತು ಸಾವಿರ ಹೆಜ್ಜೆ ಮೀಟರು’. ಅಂಗಡಿಯವರಿಗೆ ಬಿಡಿಸಿ ಹೇಳಬೇಕಿಲ್ಲ, ಬಾಯಲ್ಲಿ ನಿಲ್ಲುವ ಹೆಸರಿದ್ದರೆ ಮಾಲು ಓಡುತ್ತದೆ.

ಹಾಗಾದರೆ ನಡೆಯುವುದರಿಂದ ಲಾಭವಿಲ್ಲವೇ? ಇದೆ, ಧಾರಾಳವಾಗಿ ಇದೆ. 2019ರಲ್ಲಿ ಅಮೆರಿಕದಲ್ಲಿ 16,741 ವಯಸ್ಸಾದ ಹೆಂಗಸರ ಹೆಜ್ಜೆ ಎಣಿಸಿದ ಅಧ್ಯಯನವೊಂದು ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 72. ದಿನಕ್ಕೆ 4,400 ಹೆಜ್ಜೆ ಹಾಕುವವರಲ್ಲೇ ಸಾವಿನ ಪ್ರಮಾಣ ಗಣನೀಯವಾಗಿ ಕಡಿಮೆ ಇತ್ತು. 7,500ರ ಸುಮಾರಿಗೆ ಆ ಲಾಭ ಸಮಕ್ಕೆ ಬಂದು ನಿಂತಿತು. ಅಜ್ಜಿಯರ ಲೆಕ್ಕವನ್ನು ಮೊಮ್ಮಕ್ಕಳಿಗೆ ಹಾಗೇ ಹಚ್ಚಲಾಗದು, ನಿಜ. ಆದರೆ ಹತ್ತು ಸಾವಿರ ಎಂಬುದು ದಾಟಲೇಬೇಕಾದ ಗಡಿಯಲ್ಲ ಎಂಬುದು ಗೊತ್ತಾಯಿತು. ವಿಶ್ವ ಆರೋಗ್ಯ ಸಂಸ್ಥೆ ಹೆಜ್ಜೆಯ ಗೊಡವೆಗೇ ಹೋಗುವುದಿಲ್ಲ. ವಯಸ್ಕರು ವಾರಕ್ಕೆ ಕಡಿಮೆಯೆಂದರೂ 150 ನಿಮಿಷ ಸ್ವಲ್ಪ ಬಿರುಸಾಗಿ ಮೈ ಆಡಿಸಬೇಕು, ಹದಿನೇಳರವರೆಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಆಡಬೇಕು ಎಂದು ಅದರ 2020ರ ಮಾರ್ಗಸೂಚಿ ಹೇಳುತ್ತದೆ. ಅಷ್ಟೇ.

ಪಟ್ಟಿಯಿಂದ ಪ್ರಯೋಜನ ಎಷ್ಟು?

ಪಟ್ಟಿಯನ್ನು ಸುಮ್ಮನೆ ಹಳಿಯುವುದೂ ನ್ಯಾಯವಲ್ಲ. ಇಂಥ ಯಂತ್ರ ಕಟ್ಟಿಕೊಂಡವರು ಹೆಚ್ಚು ನಡೆಯುತ್ತಾರೆ ಎಂಬುದಕ್ಕೆ ಪುರಾವೆ ಇದೆ. ಹತ್ತಾರು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ ವರದಿಯೊಂದು 2022ರಲ್ಲಿ ಬಂತು. ಅದರ ಪ್ರಕಾರ ದಿನಕ್ಕೆ ಸುಮಾರು 1,800 ಹೆಜ್ಜೆ ಹೆಚ್ಚಾಗುತ್ತದೆ, ತೂಕ ಒಂದು ಕೆ.ಜಿ.ಯಷ್ಟು ಇಳಿಯುತ್ತದೆ. ಮನಸ್ಸಿದ್ದವನಿಗೆ ಅದೊಂದು ಆಸರೆ.

ಆದರೆ ಮನಸ್ಸಿಲ್ಲದವನಿಗೆ? ಸಿಂಗಪುರದಲ್ಲಿ 13 ಸಂಸ್ಥೆಗಳ 800 ನೌಕರರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2016ರಲ್ಲಿ ಹೊರಬಂತು. ಕೆಲವರಿಗೆ ಬರೀ ಪಟ್ಟಿ, ಕೆಲವರಿಗೆ ಪಟ್ಟಿಯ ಜೊತೆಗೆ ದುಡ್ಡಿನ ಬಹುಮಾನ. ದುಡ್ಡು ಸಿಗುವ ತನಕ ಹೆಜ್ಜೆ ಏರಿತು. ದುಡ್ಡು ನಿಂತ ಮೇಲೆ ಆ ಏರಿಕೆಯೂ ಉಳಿಯಲಿಲ್ಲ. ವರ್ಷ ತುಂಬುವ ಹೊತ್ತಿಗೆ ಪಟ್ಟಿಯನ್ನು ಇನ್ನೂ ಕಟ್ಟಿಕೊಳ್ಳುತ್ತಿದ್ದವರು ನೂರಕ್ಕೆ ಹತ್ತು ಮಂದಿ. ಮಿಕ್ಕವರ ಪಟ್ಟಿ ಮೂಲೆಗೆ!

ಕಾಲೇಜು ವಯಸ್ಸಿನವರಿಗೆ ಇನ್ನೂ ಹತ್ತಿರದ ಲೆಕ್ಕ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ್ದು. ಅದೂ 2016ರದ್ದೇ. 18ರಿಂದ 35 ವಯಸ್ಸಿನ, ತೂಕ ಹೆಚ್ಚಿದ್ದ ಸುಮಾರು 470 ಮಂದಿ. ಎಲ್ಲರಿಗೂ ಊಟದ ಪಥ್ಯ, ವ್ಯಾಯಾಮದ ಸಲಹೆ ಒಂದೇ. ಆರು ತಿಂಗಳ ನಂತರ ಅರ್ಧ ಮಂದಿಗೆ ತೋಳಿಗೆ ಕಟ್ಟುವ ಯಂತ್ರ ಕೊಟ್ಟರು. ಉಳಿದವರು ತಮ್ಮ ಲೆಕ್ಕವನ್ನು ತಾವೇ ದಾಖಲಿಸಿಕೊಂಡರು. ಎರಡು ವರ್ಷ ಮುಗಿದಾಗ ಯಂತ್ರದವರು ಇಳಿಸಿದ್ದು ಸರಾಸರಿ 3.5 ಕೆ.ಜಿ. ತಾವೇ ಬರೆದುಕೊಂಡವರು ಇಳಿಸಿದ್ದು 5.9 ಕೆ.ಜಿ. ಯಂತ್ರವೇ ಕೆಡಿಸಿತು ಅನ್ನುವಂತಿಲ್ಲ. ಆದರೆ ಯಂತ್ರ ಕಟ್ಟಿದ ಮಾತ್ರಕ್ಕೆ ಮೈ ಇಳಿಯುತ್ತದೆ ಎಂಬ ಭ್ರಮೆಯಂತೂ ಅಲ್ಲಿಗೆ ಕಳಚಿತು.

ಒಟ್ಟಿನಲ್ಲಿ ತಕ್ಕಡಿ ತೂಗುತ್ತದೆ, ಬೆಳೆ ಬೆಳೆಯುವುದಿಲ್ಲ. ಪಟ್ಟಿಯೂ ಅಷ್ಟೇ. ನಡೆದದ್ದನ್ನು ಎಣಿಸುತ್ತದೆ, ನಡೆಸುವುದಿಲ್ಲ.

ಕೊಡ ಹೊತ್ತ ಕೈ

ಎಣಿಸುವುದಾದರೂ ನೆಟ್ಟಗೆ ಎಣಿಸುತ್ತದೆಯೇ? ಪಟ್ಟಿಯೊಳಗೊಂದು ಪುಟ್ಟ ಚಿಪ್ಪು ಇರುತ್ತದೆ. ಕೈ ಹಿಂದೆ ಮುಂದೆ ಬೀಸಿದಾಗ ಆಗುವ ಅಲುಗಾಟವನ್ನು ಅದು ಹೆಜ್ಜೆ ಎಂದು ಲೆಕ್ಕ ಹಿಡಿಯುತ್ತದೆ. ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು ರಕ್ತದ ಏರಿಳಿತದಿಂದ ನಾಡಿ ಎಣಿಸುತ್ತದೆ. ಜಾಣತನದ ಯಂತ್ರ, ಸಂಶಯವಿಲ್ಲ. ಆದರೆ ಕೂತಲ್ಲೇ ಕೈ ಕುಲುಕಿದರೂ ಹೆಜ್ಜೆ ಏರುತ್ತದೆ. ಹೊಂಡಗುಂಡಿ ರಸ್ತೆಯಲ್ಲಿ ಬಸ್ಸು ಎಗರಿದರೂ ಒಮ್ಮೊಮ್ಮೆ ಏರುತ್ತದೆ. ಹೆಜ್ಜೆಗೆ ಅಂಕ ಎಂದ ದಿನವೇ ಹುಡುಗರು ಪಟ್ಟಿಯನ್ನು ನಾಯಿ ಕೊರಳಿಗೆ ಕಟ್ಟುತ್ತಾರೆ. ಹಾಜರಿ ಕೂಗುವಾಗ ಗೆಳೆಯನ ಪರವಾಗಿ ‘ಎಸ್ ಸಾರ್’ ಅಂದವರಿಗೆ ಇದೇನು ದೊಡ್ಡ ವಿದ್ಯೆಯೇ?

ಹಾಸ್ಯ ಇರಲಿ. ಅನ್ಯಾಯ ಇರುವುದು ಇನ್ನೊಂದು ಕಡೆ. ಗುಬ್ಬಿ, ಶಿರಾ, ಕೊರಟಗೆರೆ, ಕುಣಿಗಲ್ ಕಡೆಯ ಹಳ್ಳಿಗಳಿಂದ ಬರುವ ಮಕ್ಕಳನ್ನು ಬಸ್ಸಿನಲ್ಲಿ ಓಡಾಡುವವರೆಲ್ಲ ದಿನಾ ನೋಡುತ್ತಾರೆ. ಹುಡುಗಿ ಬೆಳಿಗ್ಗೆ ಎದ್ದು ನೀರು ತಂದಿರುತ್ತಾಳೆ, ಕಸ ಬಾಚಿರುತ್ತಾಳೆ, ಬಸ್ಸು ನಿಲ್ಲುವ ಕಡೆಗೆ ನಡೆದು ಬಂದಿರುತ್ತಾಳೆ. ಬಸ್ಸಿನಲ್ಲಿ ಕೂರಲು ಜಾಗವಿಲ್ಲ, ಒಂದು ಗಂಟೆ ನಿಂತೇ ಬಂದಿರುತ್ತಾಳೆ. ಅವಳಿಗೆ ವ್ಯಾಯಾಮ ಸಾಲದು ಅಂತ ಹೇಳುವವರು ಯಾರು? ಕೊಡ ಹಿಡಿದ ಕೈ ಬೀಸುವುದಿಲ್ಲ. ಬೀಸದ ಕೈಯ ಹೆಜ್ಜೆ ಪಟ್ಟಿಯ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ. ಸಂಜೆ ಮಂಡಿಯಲ್ಲಿ ಮೂಟೆ ಎತ್ತಿ ಫೀಜಿಗೆ ದುಡಿಯುವ ಹುಡುಗನ ಬೆವರಿಗೂ ಅದೇ ಗತಿ. ಮೂಟೆ ಎತ್ತಿದ್ದು ಹೆಜ್ಜೆಯಲ್ಲವಲ್ಲ!

ಇನ್ನು ದುಡ್ಡಿನ ಮಾತು. ಒಂದು ಪಟ್ಟಿಗೆ ಎರಡು ಸಾವಿರ ರೂಪಾಯಿ ಅಂತ ಇಟ್ಟುಕೊಳ್ಳಿ. ಸಾವಿರ ಮಕ್ಕಳ ಕಾಲೇಜಿಗೆ ಇಪ್ಪತ್ತು ಲಕ್ಷ. ಅದರ ಬ್ಯಾಟರಿ ನಾಲ್ಕು ವರ್ಷ ಬಂದರೆ ಹೆಚ್ಚು. ಕಾಲೇಜು ಕೊಟ್ಟರೂ ಅದು ಕೊನೆಗೆ ಫೀಜಿನ ರಸೀದಿಯಲ್ಲಿ ಅಪ್ಪನ ತಲೆಗೇ ಬರುತ್ತದೆ. ಆ ಇಪ್ಪತ್ತು ಲಕ್ಷಕ್ಕೆ ಎಷ್ಟು ವಾಲಿಬಾಲ್, ಎಷ್ಟು ನೆಟ್ಟು, ಎಷ್ಟು ಹಗ್ಗ ಬರುತ್ತದೆ ಎಂಬುದನ್ನು ವ್ಯಾಪಾರಸ್ಥರೇ ಕೂತು ಕೂಡಿಸಲಿ.

ಖಾತೆ ಪುಸ್ತಕ ಯಾರ ಕೈಲಿ?

ಅಂಗಡಿಯ ಉದ್ರಿ ಪುಸ್ತಕವನ್ನು ಯಾವ ಸಾಹುಕಾರನೂ ದಾರಿಹೋಕರಿಗೆ ತೋರಿಸುವುದಿಲ್ಲ. ಯಾರ ಮನೆ ಕಷ್ಟ ಎಷ್ಟಿದೆ ಎಂಬುದು ಅದರಲ್ಲಿರುತ್ತದೆ. ಪಟ್ಟಿಯಲ್ಲಿರುವುದೂ ಅಂಥದ್ದೇ ಪುಸ್ತಕ. ಹುಡುಗಿ ಎಷ್ಟು ಹೊತ್ತಿಗೆ ಮಲಗಿದಳು, ಎಲ್ಲಿ ಓಡಾಡಿದಳು, ನಾಡಿ ಯಾವಾಗ ಏರಿತು, ಕೆಲವು ವಾಚುಗಳಲ್ಲಿ ತಿಂಗಳ ಮುಟ್ಟಿನ ದಿನ ಕೂಡ. ಈ ಪುಸ್ತಕ ಇರುವುದು ಕಾಲೇಜಿನ ಬೀರುವಿನಲ್ಲಲ್ಲ, ಯಾವುದೋ ದೇಶದ ಕಂಪನಿಯ ಕಂಪ್ಯೂಟರಿನಲ್ಲಿ.

ಕಂಪನಿಯಾದರೂ ಸ್ಥಿರವೇ? ಒಕ್ಲಹೋಮದ ಹುಡುಗರು ಕಟ್ಟಿಕೊಂಡ ಫಿಟ್‌ಬಿಟ್ಟನ್ನು 2021ರ ಜನವರಿಯಲ್ಲಿ ಗೂಗಲ್ ತನ್ನದಾಗಿಸಿಕೊಂಡಿತು. ಯೂರೋಪಿನವರು ಜಾಣರು. ತಮ್ಮ ಜನರ ಆರೋಗ್ಯದ ಲೆಕ್ಕವನ್ನು ಹತ್ತು ವರ್ಷ ಜಾಹೀರಾತಿಗೆ ಬಳಸಕೂಡದು ಎಂದು ಷರತ್ತು ಹಾಕಿ ಒಪ್ಪಿಗೆ ಕೊಟ್ಟರು. ಆ ಷರತ್ತು ಯೂರೋಪಿನವರಿಗೆ ಹಾಕಿದ್ದು, ತುಮಕೂರಿನವರಿಗಲ್ಲ.

ಈ ದೇಶದಲ್ಲೂ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಆಗಿದೆ. ಹಂತ ಹಂತವಾಗಿ ಜಾರಿಗೆ ಬರುವ ಕಾಯ್ದೆ ಅದು. ಅದರ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ತೆಗೆದುಕೊಳ್ಳಲು ತಂದೆ ತಾಯಿಯ ಒಪ್ಪಿಗೆ ಬೇಕು. ಪಿ.ಯು. ಕಾಲೇಜಿನ ಮಕ್ಕಳಲ್ಲಿ ಹೆಚ್ಚಿನವರು ಆ ವಯಸ್ಸಿನವರು ಎಂಬುದನ್ನು ಆಡಳಿತ ಮಂಡಳಿಯವರು ಮರೆಯಬಾರದು. ಪ್ರವೇಶದ ಅರ್ಜಿಯ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಒಂದು ಸಾಲು ಸೇರಿಸಿ, ಕೆಳಗೆ ಅಪ್ಪನ ರುಜು ಹಾಕಿಸಿಕೊಂಡರೆ ಅದು ಒಪ್ಪಿಗೆಯಲ್ಲ, ಕಣ್ಕಟ್ಟು.

ನಡೆಯೋಣ ಅಂದರೆ ಎಲ್ಲಿ?

ಮೈ ಬಗ್ಗಿಸದ ಕಾಯಿಲೆ ಸುಳ್ಳಲ್ಲ. 2024ರ ಜೂನ್‌ನಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದಂತೆ, 2022ರಲ್ಲಿ ಭಾರತದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಬೇಕಾದಷ್ಟು ವ್ಯಾಯಾಮವಿಲ್ಲ. ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ ನೂರಕ್ಕೆ 57. ಹೆಂಗಸರದ್ದು ಯಾಕೆ ಹೆಚ್ಚು ಎಂಬುದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ. ಸಂಜೆ ಏಳರ ಮೇಲೆ ಒಬ್ಬ ಕಾಲೇಜು ಹುಡುಗಿ ಒಬ್ಬಳೇ ಅರ್ಧ ಗಂಟೆ ಬಿರುಸಾಗಿ ನಡೆದು ಬರಲಿ ನೋಡೋಣ. ದೀಪವಿಲ್ಲದ ತಿರುವು ಎಷ್ಟು, ಹಿಂದೆ ಬರುವ ಬೈಕು ಎಷ್ಟು, ಮನೆಗೆ ಬಂದ ಮೇಲೆ ಕೇಳುವ ಪ್ರಶ್ನೆ ಎಷ್ಟು! ಇದನ್ನೆಲ್ಲ ಯಾವ ಪಟ್ಟಿಯೂ ಎಣಿಸುವುದಿಲ್ಲ.

ತುಮಕೂರು 2016ರಲ್ಲೇ ‘ಸ್ಮಾರ್ಟ್ ಸಿಟಿ’ ಪಟ್ಟಿಗೆ ಸೇರಿದ ಊರು. ಫುಟ್‌ಪಾತ್ ಆಯಿತು, ಕಲ್ಲು ಹಾಸಿದ್ದೂ ಆಯಿತು. ಆ ಕಲ್ಲಿನ ಮೇಲೆ ಈಗ ಏನಿದೆ? ಪೇಟೆಯಲ್ಲಿ ಪ್ಲಾಸ್ಟಿಕ್ ಬಕೆಟ್ಟು, ಬಟ್ಟೆ ತೊಡಿಸಿದ ಗೊಂಬೆ, ಅಂಗಡಿಯ ಬೋರ್ಡು, ನಿಲ್ಲಿಸಿದ ಸ್ಕೂಟರು. ಈ ಮಾತು ಓದುವ ಅಂಗಡಿ ಮಾಲೀಕರಿಗೆ ಸ್ವಲ್ಪ ಖಾರ ಅನ್ನಿಸೀತು. ಅನ್ನಿಸಲಿ. ಮಗನಿಗೆ ಹೆಜ್ಜೆ ಎಣಿಸುವ ವಾಚು ಕೊಡಿಸಿ, ಅಂಗಡಿ ಮುಂದೆ ಹೆಜ್ಜೆ ಇಡಲು ಜಾಗವಿಲ್ಲದಂತೆ ಮಾಲು ಹರವಿದರೆ ವಾಚು ಏನನ್ನು ಎಣಿಸಬೇಕು?

ಕಾಲೇಜುಗಳ ಕಥೆಯೂ ಬೇರೆಯಲ್ಲ. ಒಂದು ಕಾಲಕ್ಕೆ ಕಾಲೇಜು ಅಂದರೆ ಮೊದಲು ಮೈದಾನ, ಆಮೇಲೆ ಕಟ್ಟಡ. ಈಗ ಬಾಡಿಗೆ ಕಟ್ಟಡದ ಎರಡನೇ ಮಹಡಿಯಲ್ಲಿ ಪಿ.ಯು. ಕಾಲೇಜು, ಕೆಳಗೆ ಬೇಕರಿ. ಮೈದಾನ ಇರುವ ಕಡೆ ಒಂದು ಮೂಲೆಗೆ ಹೊಸ ಬ್ಲಾಕು, ಇನ್ನೊಂದು ಮೂಲೆಗೆ ಸೈಕಲ್ ಬದಲು ಬೈಕುಗಳ ಸಾಲು. ವೇಳಾಪಟ್ಟಿಯಲ್ಲಿ ಆಟದ ಪೀರಿಯಡ್ಡು ಇದ್ದರೂ ಭೌತಶಾಸ್ತ್ರದ ಮೇಷ್ಟ್ರು ‘ಪೋರ್ಷನ್ ಮುಗಿದಿಲ್ಲ’ ಅಂತ ಅದನ್ನು ಕಿತ್ತುಕೊಳ್ಳುತ್ತಾರೆ. ಸಿ.ಇ.ಟಿ., ನೀಟ್ ಅಂತ ಬೆಳಿಗ್ಗೆ ಆರಕ್ಕೆ ಟ್ಯೂಷನ್ನು, ಸಂಜೆ ಎಂಟರ ತನಕ ಟ್ಯೂಷನ್ನು. ಹದಿನಾಲ್ಕು ಗಂಟೆ ಬೆಂಚಿಗೆ ಅಂಟಿಸಿ ಕೂರಿಸಿದ ಮೇಲೆ ‘ಯಾಕಪ್ಪ ನಡೆಯಲ್ಲ’ ಅಂತ ಪಟ್ಟಿಯಿಂದ ಕೇಳಿಸುವುದು ಗಾಯದ ಮೇಲೆ ಉಪ್ಪು.

ಆಗಬೇಕಾದ್ದು ಇಷ್ಟು

ಪಟ್ಟಿ ಬೇಡವೇ ಬೇಡ ಎಂಬ ಹಟ ಬೇಕಿಲ್ಲ. ಇಷ್ಟವಿದ್ದವರು ಕಟ್ಟಿಕೊಳ್ಳಲಿ. ನಿನ್ನೆ ಮೂರು ಸಾವಿರ ಹೆಜ್ಜೆ, ಇವತ್ತು ನಾಲ್ಕು ಸಾವಿರ ಅಂತ ತನಗೆ ತಾನೇ ಪಂದ್ಯ ಕಟ್ಟಿಕೊಂಡರೆ ಅದಕ್ಕಿಂತ ಒಳ್ಳೆಯದಿಲ್ಲ. ವಾಚು ಕೊಳ್ಳಲಾಗದವರಿಗೆ ಜೇಬಿನ ಮೊಬೈಲೇ ಸಾಕು. ಕೇಂದ್ರ ಸರ್ಕಾರ 2019ರ ಆಗಸ್ಟ್ 29ರಂದು ‘ಫಿಟ್ ಇಂಡಿಯಾ’ ಆಂದೋಲನ ಶುರು ಮಾಡಿತು. 2021ರ ಅದೇ ದಿನ ಬಿಡುಗಡೆ ಮಾಡಿದ ಅದರ ಮೊಬೈಲ್ ಆ್ಯಪ್‌ನಲ್ಲಿ ಹೆಜ್ಜೆ ಎಣಿಸುವ ಸೌಲಭ್ಯವನ್ನೂ ಕೊಟ್ಟಿತು. ಅದೂ ಬೇಡವಾದರೆ ಹಳೆಯ ನೋಟುಬುಕ್ಕಿನ ಕೊನೆ ಹಾಳೆ ಇದೆ. ಪಿಟ್ಸ್‌ಬರ್ಗಿನಲ್ಲಿ ತಾವೇ ದಾಖಲಿಸಿಕೊಂಡವರೇ ತಾನೆ ಮುಂದೆ ಬಂದದ್ದು?

ಆದರೆ ಕಾಲೇಜಿನವರು ಇದನ್ನು ಕಡ್ಡಾಯ ಮಾಡಕೂಡದು. ಅಂಕಕ್ಕೆ ಗಂಟು ಹಾಕಕೂಡದು. ಮಕ್ಕಳ ಮೈಯ ಲೆಕ್ಕವನ್ನು ಕಾಲೇಜಿನ ಕಂಪ್ಯೂಟರಿಗೆ ಇಳಿಸಿಕೊಳ್ಳಕೂಡದು. ವೇಳಾಪಟ್ಟಿಯಲ್ಲಿ ವಾರಕ್ಕೆ ಮೂರು ಗಂಟೆ ಆಟಕ್ಕೆ ಬಿಡಬೇಕು, ಆ ಗಂಟೆಯನ್ನು ಯಾವ ಮೇಷ್ಟ್ರೂ ಮುಟ್ಟದಂತೆ ಪ್ರಾಂಶುಪಾಲರೇ ಕಾಯಬೇಕು. ವಾರಕ್ಕೆ ಮೂರು ಗಂಟೆ ಅಂದರೆ 180 ನಿಮಿಷ. ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಕೇಳಿದ ಕನಿಷ್ಠ ಬಾಬ್ತು ಅಲ್ಲಿಗೇ ತೀರಿತು. ಮೈದಾನ ಇಲ್ಲದ ಕಾಲೇಜಿನವರು ಊರಿನ ಕ್ರೀಡಾಂಗಣವನ್ನು ಸರದಿಯ ಮೇಲೆ ಕೇಳಿ ಪಡೆಯಲಿ. ಆಟದ ಮೇಷ್ಟ್ರ ಹುದ್ದೆ ಖಾಲಿ ಇದ್ದರೆ ಸಂಬಂಧಪಟ್ಟ ಇಲಾಖೆ ತುಂಬಲಿ. ಇರುವ ಮೇಷ್ಟ್ರನ್ನು ಚುನಾವಣೆ ಕೆಲಸ, ಜಾತ್ರೆಯ ಬಂದೋಬಸ್ತು, ಮಂತ್ರಿಗಳ ಸಮಾರಂಭದ ಸಾಲು ನಿಲ್ಲಿಸುವುದಕ್ಕೆ ಕಳಿಸುವುದು ನಿಲ್ಲಲಿ.

ಪಾಲಿಕೆಯವರ ಪಾಲಿನದ್ದೂ ಇದೆ. ಬಸ್ ನಿಲ್ದಾಣದಿಂದ ಕಾಲೇಜುಗಳಿಗೆ ಹೋಗುವ ದಾರಿಗಳನ್ನಾದರೂ ಮೊದಲು ತೆರವು ಮಾಡಿ, ದೀಪ ಹಾಕಿಸಲಿ. ಸಾಧಾರಣವಾಗಿ ಒಂದು ಕಿಲೋಮೀಟರಿಗೆ 1,300 ಹೆಜ್ಜೆ ಆಗುತ್ತದೆ. ಹೋಗಿ ಬರುವ ದಾರಿಯೊಂದು ನೆಟ್ಟಗಿದ್ದರೆ ಮಕ್ಕಳು ಆಟೋ ಹತ್ತುವುದೂ ತಪ್ಪುತ್ತದೆ, ದಿನಕ್ಕೆ ಎರಡು ಮೂರು ಸಾವಿರ ಹೆಜ್ಜೆ ತಾನಾಗಿಯೇ ಆಗುತ್ತದೆ. ಯಂತ್ರ ಕಟ್ಟಿ ಹೆಚ್ಚಿಸಿಕೊಳ್ಳುವುದಕ್ಕಿಂತ ಅದೇ ಹೆಚ್ಚು.

ವ್ಯಾಪಾರಸ್ಥರು ಮಾಡಬೇಕಾದ್ದು ಇವತ್ತು ಸಂಜೆಯೇ ಆಗುವ ಕೆಲಸ. ಬಕೆಟ್ಟುಗಳನ್ನು ಮೂರು ಅಡಿ ಒಳಗೆ ಸರಿಸಿದರೆ ಆಯಿತು.

ಮಕ್ಕಳಿಗೆ ಮೊದಲು ಜಾಗ ಕೊಡಿ, ಹೊತ್ತು ಕೊಡಿ, ಬೆಳಕು ಕೊಡಿ. ಎಣಿಸುವ ಕೆಲಸ ಆಮೇಲೆ ನೋಡಿಕೊಳ್ಳೋಣ.